ರಕ್ತ ನಮ್ಮದು, ವಿದ್ಯೆ ಯಾರದು?

ನಿಪ್ಪಾಣಿಯ ನಮ್ಮ ಬಂಧುಗಳ ಮನೆಯಲ್ಲಿ ಒಂದು ಮಗುವಿದೆ. ಮೂರು-ನಾಲ್ಕು ವಾರಕ್ಕೊಮ್ಮೆ ಅದಕ್ಕೆ ರಕ್ತ ಕೊಡಿಸಬೇಕು. ರೋಗದ ಹೆಸರು ಥಲಸ್ಸೇಮಿಯಾ. ಅಜ್ಜಿ 'ನಮ್ಮ ನಸೀಬ' ಎಂದು ನಿಟ್ಟುಸಿರು ಬಿಡುತ್ತಾರೆ. ನೆರೆಹೊರೆಯವರು ಸೊಸೆಯ ತವರಿನ ಕಡೆಗೆ ಬೆರಳು ತೋರಿಸುತ್ತಾರೆ. ಒಬ್ಬ ವೈದ್ಯರಂತೂ ವರದಿ ಓದುವ ಮೊದಲೇ 'ನಿಮ್ಮವರಲ್ಲಿ ಇದೆಲ್ಲ ಇದ್ದದ್ದೇ' ಎಂದುಬಿಟ್ಟರು. ಈ ಮೂರೂ ಮಾತು ಸುಳ್ಳು. ಸುಳ್ಳನ್ನು ಸುಳ್ಳೆಂದು ತೋರಿಸಬಲ್ಲ ವಿದ್ಯೆ ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲೇ ಇದೆ. ಆದರೆ ಅದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಗಳಿಗೆ ಯಾಕೆ ತಲುಪಿಲ್ಲ? ಇದು ನಮ್ಮ ಪ್ರಶ್ನೆ.

ಆ ವಿದ್ಯೆಯ ಹೆಸರು ಜೀನೋಮಿಕ್ಸ್. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿಯಾಗಿ ನಮಗೆ ಬರುವ ವಂಶವಾಹಿಗಳ ಬರಹವನ್ನು ಓದುವ ಶಾಸ್ತ್ರ ಅದು. ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. 2003ರಲ್ಲಿ ವಿಜ್ಞಾನಿಗಳು ಅದರ ಬಹುಭಾಗವನ್ನು ಓದಿದರು. ಉಳಿದ ಖಾಲಿ ಜಾಗಗಳು 2022ರಲ್ಲಿ ತುಂಬಿದವು. ಈ ಬರಹವನ್ನು ನೋಡಿ ಯಾರಿಗೆ ಯಾವ ಔಷಧಿ, ಎಷ್ಟು ಎಂದು ನಿರ್ಧರಿಸುವುದೇ ಪ್ರಿಸಿಷನ್ ಮೆಡಿಸಿನ್. ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಗುಳಿಗೆಯನ್ನೇ ನೋಡಿ. ಅದು ಹೆಚ್ಚಿನವರನ್ನು ಗುಣಪಡಿಸುತ್ತದೆ; ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಮಾತ್ರ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ.

ಈಗ ಆ ಮೂರು ಮಾತುಗಳಿಗೆ ಬರೋಣ. ಥಲಸ್ಸೇಮಿಯಾ ತಗಲುವುದು ತಂದೆ-ತಾಯಿ ಇಬ್ಬರಿಂದಲೂ ದೋಷವುಳ್ಳ ಪ್ರತಿ ಬಂದಾಗ. ಹಾಗಾದರೆ ಸೊಸೆಯ ಪಾಲೆಷ್ಟೋ ಮಗನ ಪಾಲೂ ಅಷ್ಟೇ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದನ್ನು ಮದುವೆಗೆ ಮೊದಲೇ ರಕ್ತಪರೀಕ್ಷೆಯಿಂದ ತಿಳಿಯಬಹುದು. ತಿಳಿಯಬಹುದಾದದ್ದನ್ನು ತಿಳಿಯದೆ ಕುಳಿತು ನಸೀಬದ ಮೇಲೆ ಹೊರೆ ಹಾಕುವುದು ಯಾವ ನ್ಯಾಯ? ಇರಾನ್ 1997ರಲ್ಲಿ, ಸೌದಿ ಅರೇಬಿಯಾ 2004ರಲ್ಲಿ ಮದುವೆಗೆ ಮುಂಚಿನ ಈ ಪರೀಕ್ಷೆಯನ್ನು ಕಡ್ಡಾಯಗೊಳಿಸಿದವು. ಅಲ್ಲಿಯವರಿಗೆ ನಸೀಬದಲ್ಲಿ ನಂಬಿಕೆ ಇಲ್ಲವೇ?

ಇನ್ನು 'ನಿಮ್ಮವರು' ಎಂಬ ಮಾತು. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ ಆಗುತ್ತದೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಕ್ಕನ ಮಗಳನ್ನು ತರುವುದು, ಸೋದರಮಾವನ ಮಗನಿಗೆ ಕೊಡುವುದು ನಮ್ಮ ಸೀಮೆಯ ಎಷ್ಟು ಜಾತಿಗಳಲ್ಲಿಲ್ಲ? ಸಂಬಂಧದಲ್ಲಿ ತರದಿದ್ದರೂ ಶತಮಾನಗಳಿಂದ ಜಾತಿಯೊಳಗೇ ಮದುವೆಯಾದರೆ ಫಲ ಕಾಣದಿರುವುದಿಲ್ಲ. ವೈಶ್ಯ ಸಮುದಾಯದ ಕೆಲವರಿಗೆ ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ಸ್ನಾಯು ಸಡಿಲಿಸುವ ಒಂದು ಔಷಧಿಯ ಪರಿಣಾಮ ನಿಮಿಷಗಳಲ್ಲಿ ಇಳಿಯದೆ ಗಂಟೆಗಟ್ಟಲೆ ಉಳಿಯುತ್ತದೆ. ಥಲಸ್ಸೇಮಿಯಾ ಸಿಂಧಿ, ಪಂಜಾಬಿಗಳಲ್ಲಿ ಬಹಳ ಹಿಂದೆಯೇ ಗುರುತಾದದ್ದು. ವಂಶವಾಹಿ ಜಮಾತನ್ನೂ ಕೇಳುವುದಿಲ್ಲ, ಮಠವನ್ನೂ ಕೇಳುವುದಿಲ್ಲ. ಸಂಬಂಧದಲ್ಲಿ ಮದುವೆಯಾದರೆ ಅಪಾಯ ಹೆಚ್ಚುತ್ತದೆ ಎಂಬ ಸತ್ಯವನ್ನು ನಾವೂ ಒಪ್ಪಬೇಕು. ಅದು ಒಂದು ಧರ್ಮದವರ ಕಳಂಕವಲ್ಲ ಎಂಬ ಸತ್ಯವನ್ನು ಅವರೂ ಒಪ್ಪಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ 10,000 ಭಾರತೀಯರ ಜೀನೋಮನ್ನು ಓದಿದವು. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಸಂತೋಷದ ಸಂಗತಿಯೇ. ಬೆಂಗಳೂರಿನಲ್ಲಿ ಮಾನವ ತಳಿಶಾಸ್ತ್ರ ಕೇಂದ್ರವಿದೆ; ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ತಳಿಶಾಸ್ತ್ರ ಕಲಿಸುತ್ತಾರೆ. ಆದರೆ ಕಲಿತವರು ಎಲ್ಲಿಗೆ ಹೋಗುತ್ತಾರೆ? ಜನರ ರಕ್ತ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದರಿಂದ ಹುಟ್ಟಿದ ತಿಳಿವಳಿಕೆ ಜನರ ಮನೆಗೆ ಮರಳದಿದ್ದರೆ ಆ ಪದವಿಯ ಬೆಲೆ ಏನು? ಮಗುವಿನ ತಾಯಿಗೆ ಅವಳ ಭಾಷೆಯಲ್ಲಿ 'ಇದು ನಿನ್ನ ತಪ್ಪಲ್ಲ' ಎಂದು ಬಿಡಿಸಿ ಹೇಳುವ ಒಬ್ಬರೂ ನಮ್ಮ ಬಂಧುಗಳಿಗೆ ಸಿಗಲಿಲ್ಲ. ಕಾಗವಾಡದವರು ಮಿರಜಕ್ಕೆ, ನಿಪ್ಪಾಣಿಯವರು ಕೊಲ್ಲಾಪುರಕ್ಕೆ ಓಡುತ್ತಲೇ ಇದ್ದಾರೆ.

ಹಾಗೆಂದು ಎಲ್ಲ ರೋಗಕ್ಕೂ ವಂಶವಾಹಿಯೇ ಕಾರಣ ಎನ್ನುವ ಪಂಡಿತರ ಮಾತನ್ನು ನಾವು ಒಪ್ಪುವುದಿಲ್ಲ. ತಂಬಾಕಿನ ಧೂಳು ಕುಡಿಯುತ್ತ ಬೀಡಿ ಕಟ್ಟುವ ನಿಪ್ಪಾಣಿಯ ಹೆಂಗಸಿಗೆ ಕೆಮ್ಮು ಬಂದರೆ ಅವಳ ಜೀನೋಮನ್ನು ಓದುವ ಮೊದಲು ಅವಳು ಕೂರುವ ಕೋಣೆಯನ್ನು ಓದಿ. ಜೀನೋಮಿಕ್ಸ್ ಮಾಲೀಕರ ಹೊಣೆ ಮುಚ್ಚುವ ಬುರುಕಿ ಆಗಬಾರದು.

ನಮ್ಮ ಸಮುದಾಯಕ್ಕೂ ಒಂದು ಮಾತು. ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ ಥಲಸ್ಸೇಮಿಯಾದ ಪಾಠವಿದೆ. ನಮ್ಮ ಹುಡುಗಿಯರು ಅದನ್ನು ಓದುತ್ತಾರೆ, ಒಳ್ಳೆಯ ಅಂಕವನ್ನೂ ತರುತ್ತಾರೆ. ಮರುವರ್ಷವೇ, ಪರೀಕ್ಷೆಯಿಲ್ಲದೆ, ಚಾಚಾನ ಮಗನಿಗೆ ನಿಕಾಹ್ ಮಾಡಿ ಕಳಿಸುತ್ತೇವೆ. ಅವಳು ಓದಿದ ಪಾಠಕ್ಕೆ ಅವಳ ಮದುವೆಯ ಮಾತುಕತೆಯಲ್ಲಿ ಜಾಗವಿಲ್ಲ. ಎಂಬಿಬಿಎಸ್ ಸೀಟು ಸಿಗದಿದ್ದರೆ ಓದೇ ಮುಗಿಯಿತು ಎಂಬ ಭ್ರಮೆ ಬೇರೆ. ತಳಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದ ಮಗಳು ಎಷ್ಟು ಮನೆಗಳ ಕಣ್ಣೀರು ಒರೆಸಬಲ್ಲಳು ಎಂದು ನಾವು ಯೋಚಿಸಿದ್ದೇವೆಯೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಐದೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ವಾಹಕ ಪರೀಕ್ಷೆ ನಡೆಯಲಿ. ಕನ್ನಡ, ಉರ್ದು, ಮರಾಠಿ ಬಲ್ಲ ತಳಿ ಸಲಹೆಗಾರರು ಕೂರಲಿ. 2010ರಲ್ಲಿ ಬಂದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಅಂಥವರನ್ನು ಇಲ್ಲಿಯೇ ತಯಾರು ಮಾಡಲಿ. ಮಸೀದಿಯಲ್ಲೂ ಮಠದಲ್ಲೂ ಲಗ್ನಪತ್ರಿಕೆಗೆ ಮೊದಲು ರಕ್ತದ ವರದಿ ಕೇಳುವ ರೂಢಿ ಬೆಳೆಯಲಿ.

ಮುಂದಿನ ವಾರ ಆ ಮಗುವಿಗೆ ಮತ್ತೆ ರಕ್ತ ಬೇಕು. ಕೊಡಲು ನಾವು ಹೋಗುತ್ತೇವೆ. ರಕ್ತ ಕೊಡುವವರು ಇದ್ದಾರೆ. ತಿಳಿವಳಿಕೆ ಕೊಡುವವರು ಯಾವಾಗ ಬರುತ್ತಾರೆ?