ಕಾರ್ನರ್ ಎರಡೇ, ಹುಡುಗರು ಆರು ಮಂದಿ

ಕಬಡ್ಡಿ ಅಂದ ಕೂಡಲೆ ಎಲ್ಲರ ಕಣ್ಣಿಗೆ ಬರೋದು ರೈಡರ್. ತೊಡೆ ತಟ್ಟಿಕೊಂಡು ಗೆರೆ ದಾಟುವವನು. ಪೇಪರಿನಲ್ಲಿ ಫೋಟೋ ಅವನದು, ಶಿಳ್ಳೆ ಅವನಿಗೆ, ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಮೈಕು ಹಿಡಿದವನ ಬಾಯಲ್ಲೂ ಅವನ ಹೆಸರೇ. ಇರಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಇರೋದು ಮೂಲೆಯಲ್ಲಿ ಬಗ್ಗಿ ನಿಂತಿರ್ತಾನಲ್ಲ, ಆ ಕಾರ್ನರ್ ಹುಡುಗನ ವಿಷಯದಲ್ಲಿ. ನಮ್ಮ ಕಡೆ ಕಾಲೇಜುಗಳಲ್ಲಿ ಆ ಜಾಗಕ್ಕೆ ಹುಡುಗರನ್ನು ಆರಿಸುವ ರೀತಿ ಸರಿ ಇಲ್ಲ ಅನ್ನೋದು ನನ್ನ ಬಹಳ ದಿನದ ಅಭಿಪ್ರಾಯ. ಇವತ್ತು ಬರೆದೇ ಬಿಡೋಣ ಅಂತ ಕೂತೆ.

"ನಮ್ಮ ಕಡೆ" ಅಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ ಕ್ರಿಕೆಟ್ ಎಷ್ಟೇ ಬಂದರೂ ಗಣಪತಿ ಹಬ್ಬಕ್ಕೆ, ಜಾತ್ರೆಗೆ, ರಾಜ್ಯೋತ್ಸವಕ್ಕೆ ಕಬಡ್ಡಿ ಆಡಿಸದೆ ಇದ್ದರೆ ಏನೋ ಕಮ್ಮಿ ಆದ ಹಾಗೆ. ಹಾಗಾಗಿ ಕಾಲೇಜಿಗೆ ಬರುವ ಹೊತ್ತಿಗೆ ಹುಡುಗರು ಐದಾರು ವರ್ಷ ಆಡಿಯೇ ಬಂದಿರ್ತಾರೆ. ನಾನು ಓದುವಾಗ ನಮ್ಮ ಕಾಲೇಜಿನ ಟೀಮಿಗೆ ಸೆಲೆಕ್ಷನ್ ಅಂದರೆ ನಲವತ್ತು ಹುಡುಗರು ಮೈದಾನದಲ್ಲಿ ನಿಂತಿರ್ತಿದ್ದರು. ಪಟ್ಟಿಯಲ್ಲಿ ಹನ್ನೆರಡು ಹೆಸರು, ಅಂಕಣದಲ್ಲಿ ಏಳು ಜನ. ಆ ಏಳರಲ್ಲಿ ಕಾರ್ನರ್ ಎರಡೇ. ಎಡ ಒಂದು, ಬಲ ಒಂದು.

ಕಬಡ್ಡಿ ಅಷ್ಟಾಗಿ ನೋಡದ ಮಿತ್ರರಿಗೆ ಸ್ವಲ್ಪ ವಿವರಿಸ್ತೀನಿ (ಗೊತ್ತಿರುವವರು ಮುಂದಿನ ಪ್ಯಾರಾಕ್ಕೆ ಹಾರಿ :-) ). ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರಲ್ಲಿ ಅರ್ಧ, ಅಂದರೆ ಆರೂವರೆ ಮೀಟರ್ ಆಳ ನಮ್ಮದು. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರಿಗೆ ಬೋನಸ್ ಲೈನ್. ಏಳು ಜನ ಕಮಾನಿನಂತೆ ನಿಲ್ಲುತ್ತಾರೆ. ಎರಡೂ ತುದಿಯಲ್ಲಿ ಕಾರ್ನರ್, ಅವರ ಪಕ್ಕ ಇನ್, ಅದರ ಪಕ್ಕ ಕವರ್, ಮಧ್ಯೆ ಸೆಂಟರ್. ಆರೇಳು ಜನ ಒಳಗಿದ್ದಾಗ ರೈಡರ್ ಬೋನಸ್ಸಿಗೆ ಕಾಲು ಚಾಚುವುದು ಹೆಚ್ಚಾಗಿ ಮೂಲೆಯ ಕಡೆಗೇ. ಆ ಕಾಲು ಗೆರೆ ಮುಟ್ಟಿ ವಾಪಸ್ ಹೋಗುವ ಅರೆಗಳಿಗೆಯಲ್ಲಿ ಕಾರ್ನರ್ ಹುಡುಗ ಹಾರಿ ಪಾದದ ಗಂಟು ಹಿಡಿಯಬೇಕು. ಮುಂಚೆ ಹಾರಿದರೆ ರೈಡರ್ ಕೈಯಲ್ಲಿ ಮುಟ್ಟಿ ಹೋಗ್ತಾನೆ. ತಡ ಆದರೆ ಗಾಳಿ ಹಿಡಿದ ಹಾಗೆ. ಹಿಡಿದ ಮೇಲೂ ಮುಗಿಯಲಿಲ್ಲ. ಪಕ್ಕದ ಕವರ್ ಹುಡುಗ ತಕ್ಷಣ ಬಂದು ಅಡ್ಡ ನಿಲ್ಲದಿದ್ದರೆ ರೈಡರ್ ಇವನನ್ನೂ ಎಳಕೊಂಡು ನಡುಗೆರೆಗೆ ಬೀಳ್ತಾನೆ.

ಅಂದರೆ ಕಾರ್ನರ್ ಕೆಲಸ ಮುಕ್ಕಾಲು ಪಾಲು ಕಾಯೋದು. ಮೂವತ್ತು ಸೆಕೆಂಡಿನ ರೈಡಿನಲ್ಲಿ ಇಪ್ಪತ್ತೊಂಬತ್ತು ಸೆಕೆಂಡ್ ಏನೂ ಮಾಡದೆ ಇರುವ ತಾಳ್ಮೆ ಬೇಕು. ನಮ್ಮ ಕಾಲೇಜಿನ ಹಳೇ ಹುಡುಗನೊಬ್ಬ ಪ್ರಾಕ್ಟೀಸಿಗೆ ಬಂದಾಗಲೆಲ್ಲ ಕೂಗೋನು: "ಲೇ, ಕಾಲು ಬತ್ತು ಅಂತ ಬೀಳ್ಬ್ಯಾಡ ಕಣ್ಲಾ, ಕಾಲು ಇರ್‍ಲಿ ಸುಮ್ಕಿರು!" ಕೋಚಿಂಗಿನ ಪುಸ್ತಕ ಓದಿದರೂ ಇದಕ್ಕಿಂತ ಹೆಚ್ಚು ಸಿಗಲಿಕ್ಕಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ನಾನು ಕಂಡ ಸೆಲೆಕ್ಷನ್ ಹೇಗೆ ನಡೀತಿತ್ತು ಅಂದರೆ, ಒಂದು ಸಂಜೆ, ಒಂದು ಗಂಟೆ. ಪಿ.ಡಿ. ಸಾರ್ ಶಿಳ್ಳೆ ಊದಿದರೆ ಒಬ್ಬ ರೈಡ್ ಹೋಗಬೇಕು, ಒಬ್ಬ ಹಿಡೀಬೇಕು. ಯಾರು ಜಾಸ್ತಿ ಸಲ ಹಿಡಿದ, ಯಾರು ಜೋರಾಗಿ ಎತ್ತಿ ಹಾಕಿದ, ಅವನ ಹೆಸರು ಪಟ್ಟಿಗೆ. ನೋಡೋಕೆ ಬಹಳ ನ್ಯಾಯವಾಗಿ ಕಾಣುತ್ತೆ, ಅಲ್ವಾ? ಆದರೆ ಕಾರ್ನರ್ ಜಾಗಕ್ಕೆ ಇದಕ್ಕಿಂತ ಅನ್ಯಾಯದ ಪರೀಕ್ಷೆ ಇನ್ನೊಂದಿಲ್ಲ. ಒಬ್ಬನಿಗೊಬ್ಬ ಅಂತ ಬಿಟ್ಟಾಗ ಗೆಲ್ಲೋದು ತೋಳಿನ ಬಲ, ಮೈತೂಕ, ಧೈರ್ಯ. ಕಾಯುವವನು ಆ ಒಂದು ಗಂಟೆಯಲ್ಲಿ ಎರಡೇ ಸಲ ಹಾರಿರ್ತಾನೆ, ಹಾಗಾಗಿ ಮಂಕಾಗಿ ಕಾಣ್ತಾನೆ. ಎಂಟು ಸಲ ಹಾರಿ ಮೂರು ಹಿಡಿದವನು ಹುಲಿ ಥರ ಕಾಣ್ತಾನೆ. ಮಿಕ್ಕ ಐದು ಸಲ ಅವನು ಔಟಾಗಿ ಹೊರಗೆ ಕೂತಿರ್ತಿದ್ದ ಅನ್ನೋದನ್ನ ಯಾರೂ ಬರೆದುಕೊಳ್ಳಲ್ಲ. ಪಂದ್ಯದಲ್ಲಿ ಔಟಾದ ಕಾರ್ನರ್ ವಾಪಸ್ ಬರಬೇಕಾದರೆ ನಮ್ಮವರು ಅಂಕ ಗಳಿಸಬೇಕು, ಅವನ ಸರದಿ ಬರಬೇಕು. ಅಷ್ಟು ಹೊತ್ತು ಮೂಲೆ ಖಾಲಿ, ಅಲ್ಲಿಗೆ ಅಭ್ಯಾಸ ಇಲ್ಲದ ಇನ್ನೊಬ್ಬ ಸರಿದು ನಿಲ್ಲಬೇಕು.

ನಾನಿದ್ದ ವರ್ಷ ಎರಡು ಜಾಗಕ್ಕೆ ಆರು ಜನ ಇದ್ದರು. ಅರಕೆರೆ ಕಡೆಯವನೊಬ್ಬ, ಚಿನಕುರಳಿ ಕಡೆಯವರಿಬ್ಬರು, ಕಿಕ್ಕೇರಿ ಕಡೆಯವನೊಬ್ಬ, ಬಿಂಡಿಗನವಿಲೆ ಕಡೆಯವನೊಬ್ಬ, ಆರನೆಯವನು ನಾನು (ನಾನು ಆರನೆಯವನಾಗಿಯೇ ಉಳಿದೆ, ಅದರಲ್ಲಿ ಯಾರ ಮೋಸವೂ ಇಲ್ಲ, ನನಗಿಂತ ಐವರೂ ಚೆನ್ನಾಗಿ ಆಡ್ತಿದ್ದರು). ನಾಲೆ ನೀರಿನ ಸೀಮೆಯ ಹುಡುಗರು ಮೈ ತುಂಬಿಕೊಂಡಿದ್ದರು. ಅವರಲ್ಲೊಬ್ಬ ರಾತ್ರಿ ಆಲೆಮನೆಯಲ್ಲಿ ಕಬ್ಬು ಕೊಟ್ಟು ಬೆಳಗ್ಗೆ ಕ್ಲಾಸಿಗೆ ಬರೋನು, ಅವನು ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳೋಕೆ ಆಗ್ತಿರಲಿಲ್ಲ. ಬಿಂಡಿಗನವಿಲೆ ಹುಡುಗ ಮಳೆ ನಂಬಿದ ರಾಗಿ ಸೀಮೆಯವನು, ಸಣಕಲ. ಆದರೆ ಕಾಲು ಓದುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನಂತೂ ಆಗ ನೋಡಿರಲಿಲ್ಲ.

ಅವನಿಗೆ ತೊಂದರೆ ಕೊಟ್ಟಿದ್ದು ಬಸ್ಸು. ಪ್ರಾಕ್ಟೀಸ್ ಶುರುವಾಗೋದು ಸಂಜೆ ನಾಲ್ಕೂವರೆಗೆ. ಜಕ್ಕನಹಳ್ಳಿ ಮೇಲೆ ನಾಗಮಂಗಲಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡೀಬೇಕಾದ ಹುಡುಗ ಐದೂಕಾಲಿಗೆಲ್ಲ "ಬಸ್ಸು ಒಂಟೋಯ್ತದೆ ಸಾ" ಅಂತ ಕೈ ಕಟ್ಟಿ ನಿಲ್ಲಬೇಕಾಗ್ತಿತ್ತು. ಎರಡು ವಾರ ಕಳೆಯೋದರೊಳಗೆ ಅವನಿಗೆ ಶ್ರದ್ಧೆ ಇಲ್ಲ ಅನ್ನೋ ಹೆಸರು ಬಂತು. ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಯಾಕೆ ಅಂತ ಅವನಿಗೆ ಯಾರೂ ಹೇಳಲೂ ಇಲ್ಲ. ಮಾರನೇ ದಿನದಿಂದ ಅವನು ಮೈದಾನಕ್ಕೆ ಬರೋದು ಬಿಟ್ಟ, ಅಷ್ಟೇ. ನಾವು ವಲಯ ಮಟ್ಟದಲ್ಲೇ ಸೋತು ಬಂದೆವು, ಸೋತಿದ್ದು ಎಡ ಮೂಲೆಯಲ್ಲಿ.

"ಒಂದು ಕಾಲೇಜು ಟೀಮಿನ ಜಾಗಕ್ಕೆ ಇಷ್ಟೊಂದಾ?" ಅಂತ ನೀವು ಕೇಳಬಹುದು. ಸ್ವಾಮಿ, ಪೇಟೆಯ ಹುಡುಗನಿಗೆ ಅದು ಬರೀ ಆಟ ಇರಬಹುದು. ಇಲ್ಲಿ ಕಾಲೇಜು ಟೀಮಿಂದ ವಿಶ್ವವಿದ್ಯಾಲಯದ ಟೀಮು, ಅಲ್ಲಿಂದ ಒಂದು ಸರ್ಟಿಫಿಕೇಟು, ಆ ಸರ್ಟಿಫಿಕೇಟಿನಿಂದ ಪೊಲೀಸ್ ನೇಮಕಾತಿಯ ಕ್ರೀಡಾ ಕೋಟಾ ಅನ್ನೋ ಲೆಕ್ಕ ಮನೆಯಲ್ಲಿ ಅಪ್ಪನಿಗೂ ಗೊತ್ತಿರುತ್ತೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲಂತೂ ಕನಸು ಇನ್ನೂ ದೊಡ್ಡದಾಗಿದೆ. 2018ರ ಸೀಸನ್ನಿನಲ್ಲಿ ಯು.ಪಿ. ಯೋಧಾ ತಂಡದ ಬಲ ಕಾರ್ನರ್ ನಿತೇಶ್ ಕುಮಾರ್ ಒಂದೇ ಸೀಸನ್ನಿನಲ್ಲಿ 100 ಟ್ಯಾಕಲ್ ಅಂಕ ಗಳಿಸಿದ ಮೊದಲಿಗನಾದ. ಟ್ಯಾಕಲ್ ಅಂಕಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಇರಾನಿನ ಫಜಲ್ ಅತ್ರಾಚಲಿ ಎಡ ಕಾರ್ನರ್. 2018ರ ಏಷ್ಯನ್ ಗೇಮ್ಸ್ ಸೆಮಿಫೈನಲ್ಲಿನಲ್ಲಿ ಇರಾನ್ ನಮ್ಮನ್ನು 27-18ರಲ್ಲಿ ಸೋಲಿಸಿತಲ್ಲ, 1990ರಿಂದ ಪ್ರತಿ ಸಲವೂ ಚಿನ್ನ ತಂದಿದ್ದ ನಮ್ಮ ಪುರುಷರ ತಂಡಕ್ಕೆ ಅವತ್ತು ಸಿಕ್ಕಿದ್ದು ಹದಿನೆಂಟೇ ಅಂಕ. ಹಿಡಿಯುವವರು ಪಂದ್ಯ ಗೆಲ್ಲಿಸ್ತಾರೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?

ಇನ್ನೊಂದು ಮಾತು. ಕಾರ್ನರನ್ನು ಒಬ್ಬೊಬ್ಬನಾಗಿ ಆರಿಸೋದೇ ತಪ್ಪು, ಜೋಡಿಯಾಗಿ ಆರಿಸಬೇಕು. ಸುರೇಂದರ್ ನಾಡಾ ಮತ್ತು ಮೋಹಿತ್ ಛಿಲ್ಲರ್ ಅವರನ್ನೇ ನೋಡಿ. 2015ರಲ್ಲಿ ಯು ಮುಂಬಾ ಗೆದ್ದಾಗ ಇಬ್ಬರೂ ಅಲ್ಲಿದ್ದರು. 2016ರಲ್ಲಿ ಇಬ್ಬರೂ ನಮ್ಮ ಬೆಂಗಳೂರು ಬುಲ್ಸಿಗೆ ಬಂದರು. 2017ರಲ್ಲಿ ಇಬ್ಬರೂ ಹರಿಯಾಣ ಸ್ಟೀಲರ್ಸಿಗೆ ಹೋದರು. 2016ರ ವಿಶ್ವಕಪ್ ಗೆದ್ದ ಭಾರತ ತಂಡದಲ್ಲೂ ಇಬ್ಬರೂ ಇದ್ದರು. ಕೋಟ್ಯಂತರ ರೂಪಾಯಿ ಸುರಿಯುವ ಫ್ರಾಂಚೈಸಿಗಳು ಎಡ-ಬಲ ಎರಡನ್ನೂ ಜೋಡೆತ್ತಿನ ಹಾಗೆ ಕೊಂಡುಕೊಂಡವು. ನಾವು ಮಾತ್ರ ಒಂದು ಗಂಟೆಯಲ್ಲಿ ಒಂಟಿ ಎತ್ತು ಆರಿಸಿ ನೊಗಕ್ಕೆ ಕಟ್ಟುತ್ತೀವಿ.

ಪಿ.ಡಿ. ಸಾರ್‌ಗಳ ಕಷ್ಟ ನನಗೆ ಗೊತ್ತಿಲ್ಲ ಅಂತ ಅಲ್ಲ. ಒಬ್ಬರೇ ಮೇಷ್ಟ್ರು ಕಬಡ್ಡಿ, ಖೋ-ಖೋ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲಾ ನೋಡಬೇಕು. ಪಂದ್ಯದ ಸುತ್ತೋಲೆ ಬರೋದು ತಡ, ಟಿ.ಎ.-ಡಿ.ಎ. ದುಡ್ಡು ಕಮ್ಮಿ, ಮಧ್ಯೆ ಇಂಟರ್ನಲ್ ಪರೀಕ್ಷೆ. ಇದರ ಜೊತೆಗೆ "ನಮ್ಮ ಹುಡುಗನ್ನ ನೋಡ್ಕಳಿ ಸಾ" ಅಂತ ಊರ ಮುಖಂಡರ ಫೋನು. "ತಾಲ್ಲೂಕಿಗೊಬ್ಬ ಅಂತ ಹಾಕ್ಬಿಟ್ರೆ ಗಲಾಟೆ ಇರಲ್ಲ" ಅನ್ನೋ ಸಲಹೆ ಬೇರೆ. ಇಂಥ ಒತ್ತಡದಲ್ಲಿ ಒಂದು ಗಂಟೆಯ ಸೆಲೆಕ್ಷನ್ ಅವರಿಗೆ ಒಂದು ರಕ್ಷಣೆ ಕೂಡಾ. "ಎಲ್ಲರ ಮುಂದೇನೇ ಆಯ್ತಲ್ಲಪ್ಪ" ಅಂತ ಹೇಳಬಹುದು. ಹಾಗಾಗಿ ನಾನು ಕೇಳ್ತಿರೋದು ದುಡ್ಡು ಖರ್ಚಿಲ್ಲದ ನಾಲ್ಕೇ ಬದಲಾವಣೆ.

ಒಂದು: ಒಬ್ಬನಿಗೊಬ್ಬ ಹಿಡಿಸೋದು ಬಿಡಿ. ಏಳು-ಏಳು ಜನ ನಿಲ್ಲಿಸಿ, ಕಾರ್ನರ್ ಜೋಡಿಗಳನ್ನು ಬದಲಾಯಿಸುತ್ತಾ ಐದಾರು ದಿನ ಆಡಿಸಿ. ಆಟ ಹೇಗೂ ದಿನಾ ಆಡ್ತೀರಲ್ಲ.

ಎರಡು: ಬೆಂಚಿನ ಮೇಲೆ ಕೂತ ಒಬ್ಬ ಹುಡುಗನ ಕೈಗೆ ನೋಟ್‌ಬುಕ್ ಕೊಡಿ. ಹಿಡಿದದ್ದು ಎಷ್ಟು, ಹಾರಿ ಔಟಾದದ್ದು ಎಷ್ಟು, ಎರಡೂ ಬರೀಲಿ. ಆಗ ಕಾಯುವವನ ಬೆಲೆ ಕಾಗದದ ಮೇಲೆ ಕಾಣುತ್ತೆ.

ಮೂರು: ದೂರದ ಹುಡುಗರ ಬಸ್ಸಿನ ವೇಳೆ ಮೊದಲೇ ಕೇಳಿಕೊಳ್ಳಿ. ವಾರಕ್ಕೆ ಎರಡು ದಿನವಾದರೂ ಬೆಳಗ್ಗೆ ಕ್ಲಾಸಿಗೆ ಮುಂಚೆ ಅಭ್ಯಾಸ ಇಡಿ. ಬಸ್ಸು ತಪ್ಪಿಸಿಕೊಳ್ಳೋ ಹಾಗಿಲ್ಲದವನನ್ನು ಸೋಮಾರಿಗಳ ಲೆಕ್ಕಕ್ಕೆ ಸೇರಿಸಬೇಡಿ.

ನಾಲ್ಕು: ಯಾರು ಎಲ್ಲಿದ್ದಾರೆ ಅಂತ ನೋಟೀಸ್ ಬೋರ್ಡಿಗೆ ಹಾಕಿ. ಇದನ್ನು ನಾನು ಅಮೆರಿಕದಿಂದ ಕದ್ದೆ :-). ಅಲ್ಲಿನ ಕಾಲೇಜು ಫುಟ್‌ಬಾಲ್ ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಅದರಲ್ಲಿ ಕಾರ್ನರ್‌ಬ್ಯಾಕ್ ಅಂತ ಒಂದು ಜಾಗ ಇದೆ. ಎದುರಾಳಿಯ ಓಟಗಾರ ಅಂಚಿನಲ್ಲಿ ಚೆಂಡು ಹಿಡಿಯದ ಹಾಗೆ ನೋಡಿಕೊಳ್ಳೋದು ಅವನ ಕೆಲಸ. ಹೆಚ್ಚುಕಮ್ಮಿ ನಮ್ಮ ಕಾರ್ನರಿನ ದಾಯಾದಿ. ದೊಡ್ಡ ಟೀಮುಗಳಲ್ಲಿ ನೂರು ಚಿಲ್ಲರೆ ಹುಡುಗರಿರ್ತಾರೆ, ಕಣದಲ್ಲಿ ಹನ್ನೊಂದು ಜನ. ಪೈಪೋಟಿ ಹೇಗಿರಬೇಡ! ಅಲ್ಲಿ ಡೆಪ್ತ್ ಚಾರ್ಟ್ ಅಂತ ಮಾಡ್ತಾರೆ. ಪ್ರತಿ ಜಾಗಕ್ಕೆ ಮೊದಲನೆಯವನು ಯಾರು, ಎರಡನೆಯವನು ಯಾರು ಅನ್ನೋ ಪಟ್ಟಿ. ಅಭ್ಯಾಸದಲ್ಲಿ ಚೆನ್ನಾಗಿ ಆಡಿದರೆ ಹೆಸರು ಮೇಲಕ್ಕೆ ಹೋಗುತ್ತೆ. ನಮ್ಮಲ್ಲೂ "ಎಡ ಕಾರ್ನರ್: ಮೊದಲು ಇವನು, ಆಮೇಲೆ ಇವನು" ಅಂತ ಒಂದು ಹಾಳೆ ಅಂಟಿಸಿದ್ದರೆ ಆ ಬಿಂಡಿಗನವಿಲೆ ಹುಡುಗನಿಗೆ ತಾನು ಮೂರನೆಯವನು ಅಂತಲಾದರೂ ಗೊತ್ತಾಗ್ತಿತ್ತು. ಮೂರನೆಯವನು ಎರಡನೆಯವನಾಗೋಕೆ ಹೊಡೆದಾಡ್ತಾನೆ. ಲೆಕ್ಕಕ್ಕೇ ಇಲ್ಲದವನು ಮನೆಗೆ ಹೋಗ್ತಾನೆ.

ಹುಡುಗಿಯರ ವಿಷಯ ಬೇರೆಯೇ. ನಮ್ಮ ಕರ್ನಾಟಕದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಇಬ್ಬರೂ 2010 ಮತ್ತು 2014ರ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ಆದರೂ ನಾನಿದ್ದಾಗ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಟೀಮಿಗೆ ಕಾರ್ನರ್ ಪೈಪೋಟಿ ಇರಲಿ, ಏಳು ಜನ ಕೂಡಿಸೋದೇ ಹರಸಾಹಸ ಆಗಿತ್ತು. ಅಲ್ಲೂ ಕಾರಣ ಸಂಜೆಯ ಬಸ್ಸೇ. ಕತ್ತಲಾದ ಮೇಲೆ ಸ್ಟಾಪಿನಲ್ಲಿ ಇಳಿದು ಊರೊಳಕ್ಕೆ ನಡೆಯೋಕೆ ಯಾವ ಮನೆಯವರು ಒಪ್ತಾರೆ? ಬೆಳಗಿನ ಅಭ್ಯಾಸ ಶುರುವಾದರೆ ಇವರಿಗೂ ದಾರಿ ಆಗುತ್ತೆ.

ಪೈಪೋಟಿ ಇರಲಿ. ಎರಡು ಜಾಗಕ್ಕೆ ಆರಲ್ಲ, ಹತ್ತು ಜನ ಬರಲಿ, ಅದರಿಂದಲೇ ಆಟ ಬೆಳೆಯೋದು. ಮಿಕ್ಕವರು ಹೊರಗೆ ಉಳೀಲೇಬೇಕು, ಅದನ್ನು ತಪ್ಪಿಸೋಕೆ ಆಗಲ್ಲ. ಆದರೆ ಉಳಿದವನು ಆಟದಲ್ಲಿ ಸೋತು ಉಳೀಬೇಕು, ಐದೂಕಾಲಿನ ಬಸ್ಸಿನಿಂದ ಅಲ್ಲ.

ಶಿವಮೊಗ್ಗ, ದಕ್ಷಿಣ ಕನ್ನಡ, ಬಿಜಾಪುರದ ಕಡೆಯ ಬ್ಲಾಗಿಗ ಮಿತ್ರರೇ, ನಿಮ್ಮ ಕಾಲೇಜುಗಳಲ್ಲಿ ಸೆಲೆಕ್ಷನ್ ಹೇಗೆ ನಡೀತಿತ್ತು? ಮೂಲೆಯಲ್ಲಿ ನಿಂತು ಆಡಿದವರು ಯಾರಾದರೂ ಇದ್ದೀರಾ? ಇದ್ದರೆ ಎಡವೋ ಬಲವೋ ಅಂತ ಮೊದಲು ಹೇಳಿ, ಆಮೇಲೆ ಜಗಳ ಆಡೋಣ :-)