ತೊಟ್ಟಿಲಿಗೂ ವಿನಾಯಿತಿಯೇ?

ಮರೋಳದ ಸುತ್ತಿನ 24,000 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ ಮಾಡಲು ಸರಕಾರ ನೂರಾರು ಕೋಟಿ ರೂಪಾಯಿ ಸುರಿಯಿತು. ನಾರಾಯಣಪುರದ ಹಿನ್ನೀರನ್ನು ಎತ್ತಿ ತಂದು, ಹೊಲಹೊಲಕ್ಕೆ ಕೊಳವೆ ಇಳಿಸಿ, ಯಾವ ಹೊಲಕ್ಕೆ ಎಷ್ಟು ನೀರು ಎಂಬುದನ್ನು ಯಂತ್ರವೇ ಲೆಕ್ಕ ಇಡುವ ಯೋಜನೆ ಅದು. ಏಷ್ಯಾದಲ್ಲೇ ದೊಡ್ಡದೆಂದು ಹೊಗಳಿಸಿಕೊಂಡಿತು. ಆ ನೀರು ಎಷ್ಟು ಹೊಲಗಳಿಗೆ ಮುಟ್ಟಿತು ಎಂಬುದು ಬೇರೆ ಜಗಳ. ಅದನ್ನು ಇನ್ನೊಮ್ಮೆ ಆಡೋಣ. ಇಂದು ನಾವು ಕೇಳುವುದು ಇಷ್ಟೇ: ಅದೇ ಹೊಲಕ್ಕೆ ಕಳೆ ತೆಗೆಯಲು, ಉಳ್ಳಾಗಡ್ಡಿ ಕೀಳಲು ಹೋದ ತಾಯಿಯ ಕೂಸು ಬದುವಿನ ಮೇಲೆ ಯಾವ ಗಿಡದ ನೆರಳಲ್ಲಿ ಮಲಗಿದೆ ಎಂಬ ಲೆಕ್ಕ ಯಾವ ಕಚೇರಿಯಲ್ಲಿದೆ?

ಕಾನೂನು ಇದೆಯಲ್ಲ ಎನ್ನುವವರಿದ್ದಾರೆ. ಇದ್ದ ಕಾನೂನನ್ನೇ ಬಿಚ್ಚಿ ನೋಡೋಣ. 1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮು, 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರತಕ್ಕದ್ದು ಎಂದಿತು. 1976ರಲ್ಲಿ ಆ 50ನ್ನು 30ಕ್ಕೆ ಇಳಿಸಿದರು. ಮಾಲಕನಿಗೆ ಗಣಿತ ಚೆನ್ನಾಗಿ ಬರುತ್ತದೆ. ಹಾಜರಿ ಪುಸ್ತಕದಲ್ಲಿ 30 ಹೆಸರಿದ್ದರೆ ತೊಟ್ಟಿಲು ಬೇಕಿಲ್ಲ. 31ನೆಯವಳನ್ನು ಗುತ್ತಿಗೆದಾರನ ಪುಸ್ತಕಕ್ಕೆ ಬರೆದರಾಯಿತು. ಕಟ್ಟಡ ಕೂಲಿಕಾರರ 1996ರ ಕಾಯಿದೆಯೂ 50 ಹೆಣ್ಣಾಳು ದಾಟಿದ ಮೇಲೆಯೇ ಕಣ್ಣು ತೆರೆಯುತ್ತಿತ್ತು. ವಕೀಲರು ಇದನ್ನು ಕಾಯಿದೆಯ ವ್ಯಾಪ್ತಿ ಎನ್ನುತ್ತಾರೆ. ನಾವು ವಿನಾಯಿತಿ ಎನ್ನುತ್ತೇವೆ. ಹೊರಗುಳಿದ ಕೂಸಿಗೆ ಈ ಎರಡು ಶಬ್ದಗಳ ನಡುವೆ ಏನು ವ್ಯತ್ಯಾಸ?

ಇಳಕಲ್ಲಿನ ನೇಕಾರರ ಓಣಿಗೆ ಬನ್ನಿ. ಅಲ್ಲಿ ಮನೆಯೇ ಕಾರ್ಖಾನೆ. ಒಂದು ಕೈಯಲ್ಲಿ ಕಂಡಿಕೆ ಸುತ್ತುತ್ತ, ಇನ್ನೊಂದು ಕೈಯಲ್ಲಿ ತೊಟ್ಟಿಲ ಹಗ್ಗ ಜಗ್ಗುವ ತಾಯಿ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ನೂಲು ಕೊಟ್ಟು ಸೀರೆ ಒಯ್ಯುವ ಧನಿಗೆ ಈ ಮಕ್ಕಳ ಹೊಣೆ ಯಾವ ಕಾಯಿದೆಯಿಂದಲೂ ಬಂದಿಲ್ಲ. ಒಕ್ಕಲುತನದ ಕೂಲಿಯ ಮಾತಂತೂ ಕೇಳಲೇಬೇಡಿ. 1951ರ ತೋಟಗಾರಿಕೆ ಕಾರ್ಮಿಕರ ಕಾಯಿದೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟದ ಮಕ್ಕಳನ್ನು ನೆನೆಯಿತು. ಮರೋಳದ ತೊಗರಿ ಹೊಲವನ್ನು ನೆನೆದ ಕಾಯಿದೆ ಇಂದಿಗೂ ಹುಟ್ಟಿಲ್ಲ.

ಹಾಗೆಂದು ತಲೆ ಎಣಿಸದೆ ಕಾನೂನು ಬರೆಯಲು ಆಗುವುದೇ ಇಲ್ಲವೆಂದಲ್ಲ. 1952ರ ಗಣಿ ಕಾಯಿದೆ, ಒಬ್ಬ ಹೆಣ್ಣುಮಗಳು ದುಡಿದರೂ ಗಣಿಯಲ್ಲಿ ಮಕ್ಕಳ ಕೋಣೆ ಇಡಿಸುವ ನಿಯಮಕ್ಕೆ ಅವಕಾಶ ಕೊಟ್ಟಿತ್ತು. ಆದರೆ ಅದೇ ಕಾಯಿದೆಯ 3ನೆಯ ಕಲಮಿನಲ್ಲಿ ಹಿತ್ತಲ ಬಾಗಿಲನ್ನೂ ಇಟ್ಟಿದ್ದರು: ಕಟ್ಟಡದ ಕಲ್ಲು, ಮುರುಮು, ಜಲ್ಲಿ ತೆಗೆಯುವ ತೆರೆದ ಗಣಿ ಆರು ಮೀಟರ್ ಆಳ ದಾಟದೆ, ಆಳುಗಳು 50 ದಾಟದೆ, ಮದ್ದು ಸಿಡಿಸದೆ ಇದ್ದರೆ ಕಾಯಿದೆಯ ಬಹುಪಾಲು ಅದಕ್ಕೆ ಅನ್ವಯಿಸದು. ಸುತ್ತಿಗೆ, ಉಳಿ ಹಿಡಿದು ಕಲ್ಲು ಒಡೆಯುವ ಬಡವರ ಮಕ್ಕಳು ಈ ಬಾಗಿಲಿನಿಂದಲೇ ಹೊರಬಿದ್ದರು.

ಈಗ ಆ ಕಾಯಿದೆಗಳೂ ಹೋದವು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಾಮಾಜಿಕ ಭದ್ರತಾ ಸಂಹಿತೆ 50 ನೌಕರರಿದ್ದಲ್ಲಿ ಶಿಶುಪಾಲನೆಯ ಸೌಕರ್ಯ ಬೇಕೆನ್ನುತ್ತದೆ. ಗಂಡಸರನ್ನೂ ಎಣಿಕೆಗೆ ಹಿಡಿದದ್ದು ಸರಿಯೇ. ಕೂಸು ತಾಯಿಯೊಬ್ಬಳದೇ ಅಲ್ಲ. ಆದರೆ 40 ಹೆಣ್ಣುಮಕ್ಕಳು ಮಾತ್ರ ದುಡಿಯುವ ಕಾರ್ಖಾನೆಗೆ ನಿನ್ನೆಯವರೆಗೆ ಇದ್ದ ಹೊಣೆ ಇಂದು ಇಲ್ಲ. ಕೆಲಸದ ಸ್ಥಳದ ಸುರಕ್ಷತಾ ಸಂಹಿತೆಯಂತೂ 'ಇರತಕ್ಕದ್ದು' ಎಂಬ ಹಳೆಯ ಮಾತನ್ನು ಬಿಟ್ಟು, ಕೇಂದ್ರ ಸರಕಾರ ನಿಯಮ 'ಮಾಡಬಹುದು' ಎಂದು ಬರೆದುಕೊಂಡಿದೆ. ಸಾಲದ್ದಕ್ಕೆ ಹೊಸ ಕಾರ್ಖಾನೆಗಳಿಗೆ ಸಂಹಿತೆಯಿಂದಲೇ ವಿನಾಯಿತಿ ಕೊಡುವ ಅಧಿಕಾರವನ್ನೂ ಸರಕಾರಗಳ ಕೈಗಿಟ್ಟಿದೆ. ಉದ್ಯೋಗ ಹೆಚ್ಚಲೆಂದು ಈ ಔದಾರ್ಯವಂತೆ! ಕೂಸನ್ನು ಎಲ್ಲಿ ಬಿಡಬೇಕೆಂದು ತಿಳಿಯದ ತಾಯಿ ಆ ಉದ್ಯೋಗಕ್ಕೆ ಹೇಗೆ ಹೋಗುತ್ತಾಳೆ?

ಸಣ್ಣ ಉದ್ದಿಮೆಗೆ ಈ ಭಾರ ತಡೆಯದು ಎಂಬ ಮಾತು ನಮಗೆ ಹೊಸದಲ್ಲ. ಹತ್ತು ಆಳಿನ ಪಾಲಿಶ್ ಘಟಕಕ್ಕೆ ಪ್ರತ್ಯೇಕ ಶಿಶುವಿಹಾರ ಕಟ್ಟು ಎಂದು ನಾವೂ ಹೇಳುವುದಿಲ್ಲ. ಹಲವರು ಕೂಡಿ ಒಂದೇ ಸೌಕರ್ಯ ನಡೆಸಬಹುದೆಂದು ಸಂಹಿತೆಯಲ್ಲೇ ಇದೆಯಲ್ಲ! ಇಳಕಲ್ಲಿನ ಗ್ರಾನೈಟ್ ದೇಶಾಂತರ ಹೋಗುತ್ತದೆ; ಗಣಿಯ ದುಡ್ಡಿನಲ್ಲಿ ಒಂದು ಪಾಲು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದೆ; ಮಹಿಳೆಯರ ಮತ್ತು ಮಕ್ಕಳ ಕಲ್ಯಾಣ ಆ ನಿಧಿಯ ಆದ್ಯತೆಯ ಪಟ್ಟಿಯಲ್ಲಿದೆ. ರೊಕ್ಕ ಇಲ್ಲವೆಂಬುದು ನೆಪ.

ಹಳ್ಳಿಯಲ್ಲಿ ಅಂಗನವಾಡಿ ಇದೆ, ನಿಜ. 1975ರಲ್ಲಿ ಆರಂಭವಾದ ಆ ಯೋಜನೆಯ ಕಾರ್ಯಕರ್ತೆಯರು ಅಲ್ಪ ಗೌರವಧನಕ್ಕೆ ದುಡಿದು ಲಕ್ಷಾಂತರ ಮಕ್ಕಳನ್ನು ಉಳಿಸಿದ್ದಾರೆ. ಆದರೆ ಅಲ್ಲಿ ಕೂಡ್ರಿಸಿಕೊಳ್ಳುವುದು ಮೂರು ದಾಟಿದ ಮಕ್ಕಳನ್ನು. ಮೂರರೊಳಗಿನ ಕೂಸಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಪೊಟ್ಟಣ ಕೂಸನ್ನು ಕಾಯುವುದಿಲ್ಲ. ಈ ತೆರಪು ತುಂಬಲೆಂದು ರಾಜ್ಯ ಸರಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಒಳ್ಳೆಯ ಕೆಲಸ, ಮೆಚ್ಚುತ್ತೇವೆ. ಆದರೆ ಅದನ್ನು ಕಟ್ಟಿದ್ದು ಉದ್ಯೋಗ ಖಾತರಿಯ ಗೂಟಕ್ಕೆ. 2005ರ ಆ ಕಾಯಿದೆ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದಿತ್ತು. ಆಳುಗಳನ್ನು ಬಿಟ್ಟು ಮಕ್ಕಳನ್ನೇ ಎಣಿಸಿದ ಕಾಯಿದೆ ಅದು! 2025ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ ಬೇರೊಂದನ್ನು ತರಲು ಸಂಸತ್ತು ಒಪ್ಪಿಗೆ ಕೊಟ್ಟಿತು. ಇನ್ನು ಮೇಲೆ ಕೂಸಿನ ಮನೆಯ ಆಯಾಗಳ ಕೂಲಿ ಯಾರ ಲೆಕ್ಕದಿಂದ? ಬೆಂಗಳೂರು ಉತ್ತರ ಹೇಳಲಿ.

50 ಎಂಬ ಅಂಕಿಯನ್ನು ಬದಲಿಸಲು ದಿಲ್ಲಿ ಸಂಸತ್ತಿಗೆ ಹೋಗಬೇಕಿಲ್ಲ; ಬೇರೆ ಸಂಖ್ಯೆಯನ್ನು ನಿಯಮದಿಂದಲೇ ಗೊತ್ತುಮಾಡುವ ಅಧಿಕಾರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಅಂಕಿಯನ್ನು ಇಳಿಸಲಿ. ಇಲ್ಲವೆ ಐದು ಮಕ್ಕಳಿದ್ದಲ್ಲಿ ಒಂದು ತೊಟ್ಟಿಲ ಮನೆ ಎಂದು ಕಾಯಿದೆಯನ್ನೇ ತಿದ್ದಲಿ. ಕಲ್ಲುಗಣಿಯ ಗುತ್ತಿಗೆ, ಲೈಸೆನ್ಸು ಕೊಡುವುದು ರಾಜ್ಯದ ಕೈಯಲ್ಲಿದೆ: ಮಕ್ಕಳ ವ್ಯವಸ್ಥೆ ತೋರಿಸದವನಿಗೆ ಗುತ್ತಿಗೆ ಇಲ್ಲ ಎಂಬ ಷರತ್ತು ಹಾಕಲಿ. ಕೂಸಿನ ಮನೆಗೆ ರಾಜ್ಯದ ಬಜೆಟ್ಟಿನಲ್ಲೇ ಹಣ ಇಟ್ಟು, ನೇಕಾರರ ಓಣಿಗೂ ಹೊಲದ ಕೂಲಿಗೂ ಅದರ ಬಾಗಿಲು ತೆರೆಯಲಿ.

ನಮ್ಮ ಕಾರ್ಯಕರ್ತರಿಗೂ ಒಂದು ಕೆಲಸವಿದೆ. ಹುನಗುಂದ, ಇಳಕಲ್ ತಾಲೂಕುಗಳಲ್ಲಿ ಓಣಿ ಓಣಿ, ಹೊಲ ಹೊಲ, ಗಣಿ ಗಣಿ ತಿರುಗಿ, ಮೂರು ವರ್ಷದೊಳಗಿನ ಎಷ್ಟು ಮಕ್ಕಳು ತಾಯಿ ದುಡಿಯುವ ಜಾಗದಲ್ಲೇ ದಿನ ಕಳೆಯುತ್ತವೆ ಎಂದು ಎಣಿಸಿ, ಊರಿನ ಹೆಸರಿನ ಸಮೇತ ಪಟ್ಟಿ ಮಾಡಿ ಕಳಿಸಿರಿ. ಆ ಪಟ್ಟಿ ಹಿಡಿದೇ ನಾವು ಬಾಗಲಕೋಟೆಯ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತೇವೆ.