ಚಿತ್ರ ಶುಭ್ರ, ಆಯಸ್ಸೆಷ್ಟು?

ಶ್ವಾಸಕೋಶದ ಕ್ಯಾನ್ಸರ್ ಮೂಳೆಯ ಎರಡು ಕಡೆಗೆ ಹರಡಿದ್ದ ನನ್ನ ಭಾವನವರ ಪೆಟ್ ಸ್ಕ್ಯಾನ್ ವರದಿಯನ್ನು ಅವರ ಮಗ ಸಂಭ್ರಮದಿಂದ ತೋರಿಸಿದ. ತೀವ್ರ ವಿಕಿರಣದ ನಂತರ ಎರಡೂ ಗಡ್ಡೆಗಳು ಕಾಣುತ್ತಿರಲಿಲ್ಲ. 'ಮಾವ, ಅಪ್ಪ ಇನ್ನೆಷ್ಟು ವರ್ಷ ಇರಬಹುದು?' ಎಂದ. ಅದಕ್ಕೆ ಉತ್ತರ ಆ ಚಿತ್ರದಲ್ಲಿರಲಿಲ್ಲ.

ರೋಗ ಕೆಲವೇ ಕಡೆ ಹರಡಿದ್ದರೆ ಅಲ್ಲೆಲ್ಲ ನೇರ ದಾಳಿ ನಡೆಸಬಹುದೆಂಬ ವಾದವನ್ನು 1995ರಲ್ಲಿ ಶಿಕಾಗೋದ ಹೆಲ್‌ಮನ್ ಮತ್ತು ವೈಕ್ಸೆಲ್‌ಬಾಮ್ ಮಂಡಿಸಿದರು. 2019ರಲ್ಲಿ ಗೊಮೆಜ್ ತಂಡ ಪ್ರಕಟಿಸಿದ ಅಂಕಿಗಳು ಅದಕ್ಕೆ ಬಲ ತುಂಬಿದವು. ಔಷಧದಿಂದ ರೋಗ ಹತೋಟಿಯಲ್ಲಿದ್ದವರ ಪೈಕಿ, ಶಸ್ತ್ರಕ್ರಿಯೆ ಅಥವಾ ವಿಕಿರಣವನ್ನೂ ಪಡೆದವರಲ್ಲಿ ಅರ್ಧದಷ್ಟು ಮಂದಿ 41.2 ತಿಂಗಳು ದಾಟಿದರು. ಉಳಿದವರಲ್ಲಿ ಈ ಅವಧಿ 17 ತಿಂಗಳು. ಆದರೆ ಅಧ್ಯಯನಕ್ಕೆ ಒಳಪಟ್ಟವರು ಕೇವಲ 49 ಮಂದಿ.

ಪ್ರತಿರಕ್ಷಾ ಔಷಧಗಳು ಬಂದ ಮೇಲೆ ಲೆಕ್ಕ ಬದಲಾಯಿತು. 2024ರಲ್ಲಿ ಅಮೆರಿಕದ ಎನ್‌ಆರ್‌ಜಿ ಸಮೂಹ 215 ರೋಗಿಗಳ ಫಲಿತಾಂಶ ಮಂಡಿಸಿತು. ಎರಡು ವರ್ಷ ಬದುಕಿದವರು ಔಷಧವಷ್ಟೇ ಪಡೆದವರಲ್ಲಿ ಶೇ 54, ವಿಕಿರಣವನ್ನೂ ಪಡೆದವರಲ್ಲಿ ಶೇ 55. ಅಡ್ಡಪರಿಣಾಮಗಳು ಮಾತ್ರ ಎರಡನೆಯ ಗುಂಪಿನಲ್ಲೇ ಹೆಚ್ಚು.

ಸ್ಕ್ಯಾನ್ ಎರಡು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಕೆಲವೇ ಮಿಲಿಮೀಟರಿನ ಕೋಶಗುಂಪು ಅದರ ಕಣ್ಣಿಗೆ ಬೀಳದು. ವಿಕಿರಣದಿಂದಾದ ಉರಿಯೂತವೋ ಗಡ್ಡೆಯಂತೆಯೇ ಹೊಳೆಯಬಲ್ಲದು. ಯಾರಿಗೂ ಈ ಚಿಕಿತ್ಸೆ ಬೇಡವೆಂದು ನಾನು ಹೇಳಲಾರೆ. ಮೂಳೆನೋವಿಗೆ ಅದು ಕೊಡುವ ಉಪಶಮನ ಸಣ್ಣದಲ್ಲ. ಆದರೆ ಅಳಿಯನ ಮನಸ್ಸಿನಲ್ಲಿ ಆಗಲೇ ಮುಂದಿನ ಸುತ್ತಿಗಾಗಿ ನಿವೇಶನ ಮಾರುವ ಯೋಚನೆಯಿತ್ತು. ಗಡ್ಡೆ ಮಾಯವಾಗುವುದೇ ಎಂದಲ್ಲ, ಇದರಿಂದ ಅಪ್ಪನಿಗೆ ಎಷ್ಟು ದಿನ ಹೆಚ್ಚು ಸಿಗುತ್ತದೆ ಎಂದು ವೈದ್ಯರನ್ನು ಕೇಳು ಎಂದೆ. ಅವನು ವರದಿಯನ್ನು ಮೆಲ್ಲನೆ ಮಡಿಸಿಟ್ಟ.